ದವಾ ಎನ್ನಲೊಪ್ಪದ ಬೆನ್

ಅಹಮದಾಬಾದಿನ ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆದ ವಾರ ಮೆಟ್ಟಿಲು ತೊಳೆಯಲು ಆಸಿಡ್ ಸುರಿದಿದ್ದರು. ಬಾಗಿಲು ತೆರೆದೊಡನೆ ಘಾಟು ಮೂಗಿಗೆ ಅಡರಿತು. “ದವಾ ನಾಖೀ ಛೇ, ಸಂಭಾಳ್‌ಜೋ,” ಎಂದ ಕಾವಲುಗಾರ. ಔಷಧಿ ಹಾಕಿದ್ದೇವೆ, ಜೋಪಾನ ಎಂದರ್ಥ. ಔಷಧಿಯಾದರೆ ಜೋಪಾನವೇಕೆ? ಆ ಪ್ರಶ್ನೆಯನ್ನು ಬಹಳ ಹಿಂದೆಯೇ ಒಬ್ಬರು ಕೇಳಿದ್ದರು...

ಅದು ತೊಂಬತ್ತರ ದಶಕದ ನಡುಭಾಗ. ನಮ್ಮ ಮನೆತನದಲ್ಲಿ ಮೊದಲ ಪದವೀಧರನಾದ ನಾನು ಸೂರತ್ ಬಳಿಯ ಹಜೀರಾದ ಅಳಿವೆಯ ದಂಡೆಯಲ್ಲಿದ್ದ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿದ್ದೆ. ನೀರಿನ ಆಳ ಅಳೆಯಲು ಬಳಸುವ ಮರದ ದೋಣಿಗಳು ಆ ಕಚೇರಿಗಿದ್ದವು. ಅವುಗಳ ದುರಸ್ತಿಯ ಹೊಣೆ ಕುಮಟೆಯ ಕಡೆಯ ಮಹಿಳಾ ಇಂಜಿನಿಯರ್ ಒಬ್ಬರದು. ಕೆಲಸಗಾರರು ಅವರನ್ನು ಬೆನ್, ಎಂದರೆ ಅಕ್ಕ, ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ದೋಣಿಯ ಅಡಿಗೆ ಹತ್ತಿದ ಚಿಪ್ಪು, ಪಾಚಿಗಳನ್ನು ಆಸಿಡ್‌ನಿಂದ ತೊಳೆದು, ಮೇಲೆ ವಿಷದ ಬಣ್ಣ ಬಳಿಯುವುದು ಅಲ್ಲಿನ ರೂಢಿ. ಎರಡಕ್ಕೂ ಒಂದೇ ಹೆಸರು: ದವಾ. ತೊಳೆದ ನೀರು ಕೆಸರಿಗಿಳಿಯುತ್ತಿತ್ತು. ಅದೇ ಕೆಸರಿನಲ್ಲಿ ಮೊಣಕಾಲುದ್ದ ಹುದುಗಿ ಏಡಿ ಹಿಡಿಯುವ ಹೆಂಗಸರ ಕಾಲಿನ ಚರ್ಮ ಸುಲಿಯುತ್ತಿತ್ತು. ಬೆನ್ ಬಂದ ಹೊಸತರಲ್ಲೇ ಅದನ್ನು ಕಂಡರು. ನಾನು ಸರಕು ಬರೆದುಕೊಳ್ಳುತ್ತ, ಬೆಳೆಗೆ ಹೊಡೆಯುವ ವಿಷವನ್ನೂ ಔಷಧಿ ಎನ್ನುವ ನಮ್ಮೂರಿನ ಅಭ್ಯಾಸದಂತೆ, “ಔಷಧಿ ಎಷ್ಟು ಡಬ್ಬ ತರಿಸಲಿ?” ಎಂದೆ.

“ಔಷಧಿಯನಾ ತಮಾ?” ಎಂದರು ಅವರು. “ಯಾರ ಜ್ವರ ಇಳಿಸೂಕೆ?”

ಅಂದಿನಿಂದ ಅವರ ಆಜ್ಞೆ ಒಂದೇ: ಬೇಕೆನ್ನುವವರು ಅದನ್ನು ಝೇರ್, ಎಂದರೆ ವಿಷ, ಎಂದೇ ಕೇಳಬೇಕು. ಝೇರ್ ಕೊಡಿ ಎಂದು ಬಾಯಿಬಿಟ್ಟು ಕೇಳಲು ಯಾರಿಗೂ ನಾಲಿಗೆ ಏಳಲಿಲ್ಲ.

ಬದಲಿಗೆ, ನೀರು ಏರುವ ಭರತದಲ್ಲಿ ದೋಣಿಯನ್ನು ದಂಡೆಗೆ ತಂದು ಕಟ್ಟುತ್ತಿದ್ದರು. ಇಳಿತಕ್ಕೆ ಅದು ತಾನಾಗಿ ಕೆಸರಿನ ಮೇಲೆ ವಾಲುತ್ತಿತ್ತು. ಅಡಿಯಲ್ಲಿ ತಾಡಪಾಲು ಹಾಸಿ, ಚಿಪ್ಪು ಒಣಗಿ ಬಿಗಿಯುವ ಮೊದಲೇ ಬಿದಿರಿನ ಸಲಿಕೆಯಿಂದ ಕೆರೆದು, ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದರು. ಉದುರಿದ್ದೆಲ್ಲ ದೂರದ ಗುಂಡಿಗೆ ಹೋಗುತ್ತಿತ್ತು. ಆಮೇಲೆ ಮರಕ್ಕೆ ಹೊನ್ನೆಬೀಜದ ಹಳದಿ ಎಣ್ಣೆ ಬಳಿಯುತ್ತಿದ್ದರು. ಈ ಕ್ರಮದಲ್ಲಿ ದೋಣಿ ಬೇಗ ಪಾಚಿಗಟ್ಟುತ್ತಿತ್ತು, ಮತ್ತೆ ಮತ್ತೆ ಕೆರೆಯಬೇಕಿತ್ತು. ಬೆನ್ ಅದನ್ನು ಮುಚ್ಚಿಡಲಿಲ್ಲ.

“ದೋಣಿಗೆ ಪೀಠಿ ಹಚ್ಚಿದಿರಲ್ಲ ಬೆನ್, ವರ ಎಲ್ಲಿ?” ಎಂದು ಹಿರಿಯ ಬಡಗಿ ಛೇಡಿಸಿದ. ಪೀಠಿ ಎಂದರೆ ಮದುವೆಯ ಅರಿಸಿನ.

“ಅಹಮದಾಬಾದಿನಿಂದ ಹೊರಟಿದ್ದಾನೆ. ಜೀಪಿನಲ್ಲಿ ಬರುತ್ತಾನೆ, ನೋಡು!”

ಜೀಪಿನಲ್ಲಿ ಬಂದವರು ತಪಾಸಣೆಯ ಸಾಹೇಬರು. ಕಲೆಗಲೆಯಾದ ದೋಣಿಗಳನ್ನು ಕಂಡು ಅವರ ಮುಖ ಗಂಟಿಕ್ಕಿತು. ದವಾ ಏಕೆ ಹಾಕಲಿಲ್ಲ, ಸೂರತ್‌ನಲ್ಲಿ ಇರುವ ಮನಸ್ಸಿಲ್ಲವೇ ಎಂದು ಹಿಂದಿಯಲ್ಲಿ ಗದರಿದರು. ಬೆನ್ ಅವರ ಮಗಳು ಸೂರತ್‌ನಲ್ಲಿ ಶಾಲೆಗೆ ಹೋಗುತ್ತಿದ್ದಳು, ಗಂಡನ ಬ್ಯಾಂಕೂ ಅಲ್ಲೇ. ವರ್ಗವಾದರೆ ಬೆನ್ ಕಳೆದುಕೊಳ್ಳಲಿದ್ದದ್ದು ಆ ಒಂದಾಗಿದ್ದ ಸಂಸಾರವನ್ನು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬೆನ್ ಉಗ್ರಾಣದಲ್ಲಿ ಉಳಿದಿದ್ದ ದವಾ ಡಬ್ಬವೊಂದನ್ನು ತಂದು, ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು. “ದವಾ ಹೈ ತೋ ಪೆಹಲೇ ಆಪ್ ಲೀಜಿಯೇ, ಸಾಹೇಬ್.”

ಔಷಧಿಯಾದರೆ ಮೊದಲು ನೀವೇ ಸೇವಿಸಿ! ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಬಡಗಿ ಕೆಮ್ಮಿದಂತೆ ಮಾಡಿ ನಕ್ಕ.

ವರ್ಗಾವಣೆ ಬಂತು. ಗಂಡನನ್ನೂ ಮಗಳನ್ನೂ ಬಿಟ್ಟು, ಬೆನ್ ದೂರದ ಬೇರೊಂದು ಬಂದರಿಗೆ ಒಬ್ಬರೇ ಹೊರಟರು. ಬೀಳ್ಕೊಡುವಾಗ, ಹೊಸಬರು ದವಾ ಕೇಳಿದರೆ ಏನು ಮಾಡಲಿ ಎಂದು ನಾನು ಎರಡೆರಡು ಸಲ ಕೇಳಿದ್ದಕ್ಕೆ, “ಹೆದರೂಕೆ ನಿಂಗೆಂತ ಆಯ್ತಾ? ವರ್ಗ ಆದದ್ದು ನಂಗೆ!” ಎಂದು ಗದರಿದರು.

ಹೊಸ ಅಧಿಕಾರಿ ಮೊದಲ ದಿನವೇ ದವಾ ತರಲು ಹೇಳಿದರು. ಬಡಗಿ ಕೈಕಟ್ಟಿ ವಿನಯದಿಂದ ನಿಂತ. “ದವಾ ತೋ ನಥೀ, ಸಾಹೇಬ್. ಝೇರ್ ಛೇ. ಲಾವೂಂ?” ಔಷಧಿಯಂತೂ ಇಲ್ಲ, ವಿಷವಿದೆ, ತರಲೇ? ಅಧಿಕಾರಿ ಸುತ್ತ ನೋಡಿದರು. ಯಾರೂ ಕದಲಲಿಲ್ಲ. ಕೊನೆಗೆ ಅವರೇ ಮಾತು ಬಿಟ್ಟು ತಮ್ಮ ಕೋಣೆಯೊಳಗೆ ಹೋದರು. ನಾನಲ್ಲಿ ಇದ್ದಷ್ಟು ಕಾಲವೂ ಆ ಡಬ್ಬಗಳು ಹೊರಬರಲಿಲ್ಲ.

ಈಚೆಗೆ ಕುಮಟೆಯ ಪರಿಚಿತರೊಬ್ಬರಿಂದ ಬೆನ್ ತೀರಿಕೊಂಡ ಸುದ್ದಿ ತಿಳಿಯಿತು. ನಾವು ದೋಣಿ ವಾಲಿಸುತ್ತಿದ್ದ ದಂಡೆ ಕಾಂಕ್ರೀಟಿನಡಿ ಹೋಗಿದೆ, ಏಡಿ ಹಿಡಿಯುವವರೂ ಕಾಣುವುದಿಲ್ಲ... ಇಷ್ಟೆಲ್ಲ ಹೋದ ಮೇಲೆ ಆಕೆ ಗೆದ್ದದ್ದೇನು ಎಂದು ಆ ಪರಿಚಿತರೇ ಕೇಳಿದರು. ಕೆಲವು ವರ್ಷಗಳ ಮಟ್ಟಿಗೆ ಕೆಲವು ಹೆಂಗಸರ ಕಾಲು ಸುಲಿಯಲಿಲ್ಲ ಎಂದೆ. ಅದು ಸಾಲದು ಎನ್ನುವವರೊಡನೆ ನನಗೆ ಮಾತಿಲ್ಲ.