ಅರವತ್ತು ಮನೆಗಳ ನೀರು

ಚೈತ್ರ ತೋರಿಕೆಯ ಹುಡುಗಿ. ಯಾರೋ ನೋಡುತ್ತಾರೆ, ಯಾರೋ ಓದುತ್ತಾರೆ, ಯಾರೋ ಅಂಕ ಕೊಡುತ್ತಾರೆ ಎಂದು ಖಾತ್ರಿಯಾಗದ ಹೊರತು ಒಂದು ಗೆರೆಯನ್ನೂ ಎಳೆಯುವವಳಲ್ಲ. ಎರಡು ವರ್ಷ ಅವಳಿಗೆ ಪಾಠ ಹೇಳಿ ನಾನು ಬಂದ ತೀರ್ಮಾನ ಇದು.

ನಿವೃತ್ತಿಯ ನಂತರವೂ ನಾನು ವಾರಕ್ಕೆ ಎರಡು ದಿನ ಜಯನಗರದಿಂದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗಿ ಎಂ.ಎ. ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಕಲಿಸುತ್ತೇನೆ. ಕೋರ್ಸಿನ ಹೆಸರು ಉದ್ದ: ಭೂಗೋಳ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ. ಸೇರುವವರಲ್ಲಿ ಹೆಚ್ಚಿನವರಿಗೆ ‘ಅಂತರರಾಷ್ಟ್ರೀಯ’ ಎಂಬ ಪದದ ಮೇಲೆ ಕಣ್ಣು. ಚೈತ್ರ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಗ್ರಂಥಾಲಯದೊಳಗೆ ಬಂದಾಗ ಪುಸ್ತಕ ತೆರೆಯುತ್ತಿದ್ದಳು, ಹೊರಟಾಗ ಫೋನು. ಮಲಾವಿ ದೇಶದ ಹೆಂಗಸರು ನೀರಿಗಾಗಿ ಎಷ್ಟು ದೂರ ನಡೆಯುತ್ತಾರೆ ಎಂಬುದರ ಬಗ್ಗೆ ಅವಳು ಬರೆದ ಪ್ರಬಂಧಕ್ಕೆ ತರಗತಿಯಲ್ಲೇ ಅತಿ ಹೆಚ್ಚು ಅಂಕ ಬಂದಿತ್ತು. ಕೊಟ್ಟವಳು ನಾನೇ. ಚೆನ್ನಾಗಿ ಬರೆದಿದ್ದಳು, ಅಷ್ಟೇ.

ಕೊನೆಯ ಸೆಮಿಸ್ಟರಿನಲ್ಲಿ ಅವಳು ಆರಿಸಿಕೊಂಡ ವಿಷಯ ಜರಗನಹಳ್ಳಿಯ ಬಾಡಿಗೆ ಮನೆಗಳಲ್ಲಿ ನೀರಿನ ಸ್ಥಿತಿ. ಅರವತ್ತು ಮನೆಗಳ ಸಮೀಕ್ಷೆ. ಪ್ರಬಂಧ ಬೈಂಡ್ ಆಗಿ ಬಂದ ದಿನವೇ ನನ್ನ ಪ್ರತಿಯನ್ನೂ ಫಾರಂಗಳ ಕಟ್ಟನ್ನೂ ತಂದು ಮೇಜಿನ ಮೇಲಿಟ್ಟಳು. ಜೊತೆಗೆ ಒಂದು ಕೋರಿಕೆ.

"ಮೇಡಂ, ಇಂಗ್ಲೆಂಡಲ್ಲಿ ಒಂದು ಸ್ಕಾಲರ್‌ಶಿಪ್ ಇದೆ. ನಿಮ್ಮ ಲೆಟರ್ ಇದ್ರೆ ಸಿಕ್ಕೇ ಸಿಗತ್ತೆ ಅಂತ ಎಲ್ರೂ ಹೇಳ್ತಾರೆ. ಶುಕ್ರವಾರ ಲಾಸ್ಟ್ ಡೇಟು."

ಫಾರಂ ಮೊದಲು ನೋಡುತ್ತೇನೆ ಎಂದೆ.

ನೋಡಿದೆ. ಅರವತ್ತರಲ್ಲಿ ಐವತ್ತೆಂಟು ಮನೆಯವರು ಹೇಳಿದ್ದು ಒಂದೇ: ನೀರು ಸಾಕಾಗುತ್ತದೆ, ದೂರಿಲ್ಲ. ಉಳಿದಿಬ್ಬರು ಉತ್ತರ ಕೊಟ್ಟಿರಲಿಲ್ಲ. ಎಲ್ಲ ಫಾರಂಗಳಲ್ಲೂ ಒಂದೇ ನೀಲಿ ಶಾಯಿ, ಒಂದೇ ಓಟದ ಅಕ್ಷರ. ಬೆಂಗಳೂರಿನಲ್ಲಿ ಅಷ್ಟು ಜನ ಬಾಡಿಗೆದಾರರು ನೀರಿನ ಬಗ್ಗೆ ಒಂದು ದೂರೂ ಹೇಳಲಿಲ್ಲವೆಂದರೆ ನಂಬುವ ವಯಸ್ಸು ನನ್ನದಲ್ಲ. ಕ್ಯಾಂಟೀನಿನಲ್ಲಿ ಕೂತು ಸಮೀಕ್ಷೆ ಮುಗಿಸಿದವರನ್ನು ನಾನು ಹಿಂದೆಯೂ ಹಿಡಿದಿದ್ದೇನೆ. ಅವರ ಫಾರಂಗಳೂ ಹೀಗೆಯೇ ಇದ್ದವು, ಮಡಿಕೆಯಿಲ್ಲದೆ, ಕಲೆಯಿಲ್ಲದೆ.

"ಮೂರು ಮನೆ ನಾನು ಆರಿಸ್ತೀನಿ. ನಾಳೆ ಕರ್ಕೊಂಡು ಹೋಗು," ಎಂದೆ.

ಅವಳು ಗಾಬರಿಯಾಗಲಿಲ್ಲ. ಅದೂ ನನಗೆ ಸರಿಯೆನಿಸಲಿಲ್ಲ. ಮರುದಿನ ಕನಕಪುರ ರಸ್ತೆಯಲ್ಲಿ ಬಸ್ಸಿಳಿಯುವವರೆಗೆ ಯಾವ ಮನೆ ಎಂದು ನಾನು ಬಾಯಿ ಬಿಡಲಿಲ್ಲ.

ಹದಿನೇಳನೆಯ ಫಾರಂ ಅಂಕಮ್ಮನದು. ಅನಂತಪುರದ ಕಡೆಯವಳು, ಜೆ.ಪಿ. ನಗರದ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಹನ್ನೊಂದರ ಹೊತ್ತಿಗೆ ಹಿಂತಿರುಗುತ್ತಾಳೆ. ಸಾಲು ಮನೆಗಳ ನಡುವೆ ಒಂದು ಕೋಣೆ, ಒಂದು ಅಡುಗೆ ಕಟ್ಟೆ. ಮಂಚದ ಪಕ್ಕ ಮೂರು ನೀಲಿ ಡ್ರಮ್ಮು. ಕಟ್ಟೆಯ ಮೇಲೆ ಬಿಂದಿಗೆಗಳಲ್ಲಿ, ಪಾತ್ರೆಗಳಲ್ಲಿ, ಕೊನೆಗೆ ಕುಕ್ಕರಿನಲ್ಲೂ ನೀರು ತುಂಬಿಸಿ ಮುಚ್ಚಿಟ್ಟಿದ್ದಳು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಒರೆಸಿ ಮುಂದೆ ತಳ್ಳಿದಳು, ಆದರೆ ನನ್ನ ಮುಂದಲ್ಲ.

"ಕೂತ್ಕೊಳ್ಳಿ ಅಕ್ಕ," ಎಂದಳು ಇಪ್ಪತ್ತಮೂರರ ಚೈತ್ರಳಿಗೆ.

"ನೀರು ಸರಿಯಾಗಿ ಬರುತ್ತಾ?" ಎಂದು ನಾನು ಕೇಳಿದೆ.

"ಚೆನ್ನಾಗಿ ಬರ್ತದೆ ಮೇಡಂ." ಕಣ್ಣು ಚೈತ್ರಳ ಮೇಲೆ.

"ಎಷ್ಟು ಹೊತ್ತು?"

"ಬೇಕಾದಷ್ಟು ಹೊತ್ತು."

"ಮತ್ತೆ ಇಷ್ಟೊಂದು ಡ್ರಮ್ಮು?"

"ಅವು ಸುಮ್ನೆ. ಮನೆ ತುಂಬ್ದಂಗೆ ಕಾಣ್ಲಿ ಅಂತ."

ಉತ್ತರ ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಎದುರಿನ ಮೂರಂತಸ್ತಿನ ಮನೆಯ ಗೇಟಿನಿಂದ ಒಬ್ಬ ಮುದುಕಿ ಕೂಗಿದರು.

"ಚೈತ್ರ, ಯಾರೇ ಅದು? ಮನೆ ಕೇಳ್ಕೊಂಡ್ ಬಂದವ್ರಾ? ಖಾಲಿ ಇಲ್ಲ ಅನ್ನು."

"ಅಜ್ಜಿ, ನಮ್ ಮೇಡಂ."

"ಓ, ಆಫ್ರಿಕದ ಪಾಠ ಹೇಳೋರಾ? ಇಲ್ಲಿಗ್ಯಾಕ್ ಬಂದವ್ರೆ?"

ಅದು ಸೊಣ್ಣಮ್ಮ, ಚೈತ್ರಳ ಅಜ್ಜಿ. ಒಂದು ಕಾಲಕ್ಕೆ ಇಲ್ಲೇ ರಾಗಿ ಹೊಲವಿದ್ದ ಕುಟುಂಬ. ಈಗ ಹೊಲವಿದ್ದ ಕಡೆಯೆಲ್ಲ ಬಾಡಿಗೆ ಮನೆ.

ನಾನು ಚೈತ್ರಳ ಕಡೆ ತಿರುಗಿದೆ. "ಈ ಮನೆ ನಿಮ್ಮದಾ?"

"ಹೌದು ಮೇಡಂ, ಅಪ್ಪಂದು."

"ಅರವತ್ತರಲ್ಲಿ ನಿಮ್ಮವು ಎಷ್ಟು?"

"ನಲವತ್ತೊಂದು. ಮಿಕ್ಕಿದ್ದು ದೊಡ್ಡಪ್ಪಂದು."

"ಬೇರೆಯವರ ಮನೆಗೆ ಯಾಕೆ ಹೋಗ್ಲಿಲ್ಲ?"

"ಹೋದೆ ಮೇಡಂ. ಸರ್ವೆ ಅಂದ ತಕ್ಷಣ ಬಾಗ್ಲು ಹಾಕ್ಕೋತಾರೆ. ವೋಟರ್ ಲಿಸ್ಟಿಂದ ಹೆಸರು ತೆಗಿಯೋಕೆ ಬಂದಿದೀಯ ಅಂತಾರೆ. ನಮ್ ಮನೆಗಳಲ್ಲಿ ಯಾರೂ ಹಾಗ್ ಮಾಡಲ್ಲ."

"ಯಾಕೆ ಮಾಡಲ್ಲ?"

"ನಮ್ಮನ್ನ ಕಂಡ್ರೆ ಅವರಿಗೆ ವಿಶ್ವಾಸ."

ಅವಳು ಇದನ್ನು ನಂಬಿ ಹೇಳಿದಳೋ ನನಗಾಗಿ ಹೇಳಿದಳೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಫಾರಂಗಳು ಮಾತ್ರ ಖೋಟಾ ಅಲ್ಲ. ಅರವತ್ತು ಬಾಗಿಲಿಗೂ ಹೋಗಿದ್ದಳು, ಜನ ನಿಜವಾಗಿಯೂ ಹಾಗೆಯೇ ಉತ್ತರ ಕೊಟ್ಟಿದ್ದರು. ಮನೆ ಮಾಲೀಕರ ಮಗಳು ಕೈಯಲ್ಲಿ ಪೆನ್ನು ಹಿಡಿದು ಬಂದು ನೀರು ಸಾಕೇ ಎಂದು ಕೇಳಿದರೆ ಬಾಡಿಗೆದಾರರು ಬೇರೇನು ಹೇಳಿಯಾರು? ಇಷ್ಟು ಸರಳ ಸಂಗತಿ ಮಲಾವಿಯ ಬಗ್ಗೆ ಅಷ್ಟು ಚೆನ್ನಾಗಿ ಬರೆದವಳಿಗೆ ಹೊಳೆಯಲಿಲ್ಲವೇ? ಹೊಳೆದಿರಬೇಕು ಎಂದೇ ನನ್ನ ಅನುಮಾನ.

ಅಜ್ಜಿಯನ್ನು ಮಾತಾಡಿಸಿಕೊಂಡು ಬಾ ಎಂದು ಅವಳನ್ನು ಕಳಿಸಿದೆ. ಅಂಕಮ್ಮ ಬಾಗಿಲು ಅರ್ಧ ಮುಚ್ಚಿದಳು.

"ನೀವು ಓನರ್ ಕಡೆಯವ್ರಾ?"

"ಅಲ್ಲ."

"ಓನರ್ ಕಡೆಯವ್ರೂ ಹಂಗೇ ಅಂತಾರೆ."

ನಾನು ಪೆನ್ನನ್ನು ಚೀಲದೊಳಗೆ ಹಾಕಿದೆ. ಅದನ್ನು ಗಮನಿಸಿದ ಮೇಲೆ ಅವಳು ದನಿ ತಗ್ಗಿಸಿದಳು.

"ದಿನ ಬಿಟ್ಟು ದಿನ ಮೇಡಂ, ನಲವತ್ತು ನಿಮಿಷ. ವಾಲ್ವು ಅವ್ರ ಗೇಟೊಳಗೈತೆ."

"ತಿರುಗಿಸೋದು ಯಾರು?"

ಅವಳು ಗದ್ದ ಎತ್ತಿ ಹೊರಗೆ ತೋರಿಸಿದಳು. "ಅಕ್ಕಾನೇ. ಕಾಲೇಜಿಗೆ ಹೊರಡೋ ಮುಂಚೆ ಬಿಟ್ಟು, ಹೋಗೋವಾಗ ನಿಲ್ಲಿಸ್ತಾರೆ. ಅವ್ರು ಏಳೋದು ತಡ ಆದ್ರೆ ಇಪ್ಪತ್ತೇ ನಿಮಿಷ."

ಉಳಿದ ಎರಡು ಮನೆಗಳಿಗೆ ನಾನು ಹೋಗಲಿಲ್ಲ. ಬಸ್ ನಿಲ್ದಾಣದವರೆಗೆ ಚೈತ್ರ ನನ್ನ ಜೊತೆ ನಡೆದಳು.

"ನಲವತ್ತು ನಿಮಿಷ ಅಂತ ನಿನಗೆ ಗೊತ್ತಿತ್ತು," ಎಂದೆ.

ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. "ಗೊತ್ತಿತ್ತು."

"ಪ್ರಬಂಧದಲ್ಲಿ ಎಲ್ಲೂ ಇಲ್ಲ."

"ಅವರ್ಯಾರೂ ಹೇಳ್ಲಿಲ್ಲವಲ್ಲ ಮೇಡಂ. ಜನ ಹೇಳಿದ್ದನ್ನ ಬರೀರಿ, ನಿಮಗೆ ಗೊತ್ತಿರೋದನ್ನಲ್ಲ ಅಂತ ನೀವೇ ಕ್ಲಾಸಲ್ಲಿ ಹೇಳಿದ್ದು."

ಹೇಳಿದ್ದೆ. ಪ್ರತಿ ವರ್ಷ ಮೊದಲ ವಾರದಲ್ಲೇ ಹೇಳುತ್ತೇನೆ. ದೂರದಲ್ಲಿ ಬಸ್ಸು ಕಾಣಿಸಿತು.

"ಲೆಟರ್ ಕೊಡ್ತೀರಾ ಮೇಡಂ?"

"ಶುಕ್ರವಾರ ಬೆಳಿಗ್ಗೆ ಮನೆಗೆ ಬಂದು ತಗೊಂಡು ಹೋಗು. ನನಗೆ ಅನಿಸಿದ್ದನ್ನೇ ಬರೆದಿರ್ತೀನಿ."

ಬರೆದೆ. ಜಾಣೆ, ಶ್ರಮ ಪಡುತ್ತಾಳೆ, ನೆನಪು ಚೆನ್ನಾಗಿದೆ. ನಂಬಿಕೆಗೆ ಅರ್ಹಳು ಎಂಬ ಮಾತು ಬಿಟ್ಟೆ. ಇಂಥ ಪತ್ರ ಓದುವವರಿಗೆ ಬಿಟ್ಟ ಮಾತಿನ ಅರ್ಥ ತಿಳಿಯುತ್ತದೆ.

ಶುಕ್ರವಾರ ಅವಳು ಬರಲಿಲ್ಲ. ನನಗಿಂತ ಮೆದು ಮನಸ್ಸಿನ ಅಧ್ಯಾಪಕರನ್ನು ಹಿಡಿದಿದ್ದಾಳೆ ಎಂದುಕೊಂಡು ಪತ್ರವನ್ನು ಹರಿದು ಹಾಕಿದೆ.

ಸೋಮವಾರ ವಿಭಾಗದ ಕಚೇರಿಯಿಂದ ಗುಮಾಸ್ತೆ ಸುಧಾಮಣಿ ಫೋನ್ ಮಾಡಿದರು.

"ಮೇಡಂ, ನಿಮ್ ಸ್ಟೂಡೆಂಟ್ ಚೈತ್ರ ಶುಕ್ರವಾರ ಬಂದು ಇಲ್ಲಿದ್ದ ಮೂರೂ ಕಾಪಿ ಬೈಂಡಿಂಗ್ ಬಿಚ್ಚಿಸ್ಕೊಂಡು ಹೋಗಿದ್ಲು. ಇವತ್ತು ಒಂದು ಹಾಳೆ ಸೇರ್ಸಿ ತಂದಿದ್ದಾಳೆ. ಹೀಗ್ ಮಾಡಿದ್ರೆ ರಿಸಲ್ಟು ಮುಂದಿನ ಬ್ಯಾಚ್ ಜೊತೆಗೇ ಬರೋದು, ನಿನ್ನ ಸ್ಕಾಲರ್‌ಶಿಪ್ ಈ ವರ್ಷ ಹೋಯ್ತು ಅಂತ ಅವತ್ತೇ ಹೇಳ್ದೆ. ಗೊತ್ತು ಅಂದ್ಲು."

"ಏನು ಹಾಳೆ?"

"ಇನ್ನೊಂದು ಫಾರಂ. ಅರವತ್ತೊಂದನೇದು. ಹೆಸ್ರು ಅವಳದ್ದೇ ಹಾಕ್ಕೊಂಡಿದ್ದಾಳೆ. ಓದ್ತೀನಿ ಕೇಳಿ. ನಿಮ್ಮ ಮನೆಗೆ ನೀರು ಎಷ್ಟು ಹೊತ್ತು: ಯಾವಾಗಲೂ. ಬಾಡಿಗೆ ಮನೆಗಳಿಗೆ: ದಿನ ಬಿಟ್ಟು ದಿನ, ನಲವತ್ತು ನಿಮಿಷ, ಕೆಲವು ಸಲ ಇಪ್ಪತ್ತು. ವಾಲ್ವ್ ತಿರುಗಿಸುವವರು: ನಾನು. ಮೇಲಿನ ಐವತ್ತೆಂಟು ಉತ್ತರಗಳನ್ನು ಹೇಳಿದ್ದು ಮಾಲೀಕರ ಮಗಳಾದ ನನಗೆ, ಆದ್ದರಿಂದ ಅವನ್ನು ನಂಬಬಾರದು. ಕೆಳಗೆ ಸಹಿ."

ನಾನು ಕೇಳಿದೆ: "ನನಗೆ ಗೊತ್ತಾಗ್ಲಿ ಅಂತ ಅವಳೇ ಫೋನ್ ಮಾಡಿಸಿದ್ಲಾ?"

"ಇಲ್ಲ ಮೇಡಂ, ನಾನೇ ಮಾಡಿದ್ದು, ರೂಲ್ಸ್ ಕೇಳೋಣ ಅಂತ. ನಿಮ್ ಹತ್ರ ಇರೋ ಕಾಪಿ ವಿಷ್ಯ ಅವಳು ಎತ್ತಲೇ ಇಲ್ಲ. ಇವು ಗೋಡೌನಿಗೆ ಹೋಗೋ ಕಾಪಿಗಳು, ಯಾರು ತೆಗೆದ್ ನೋಡ್ತಾರೆ ಬಿಡಮ್ಮ ಅಂದೆ. ನೋಡದಿದ್ರೂ ಪರವಾಗಿಲ್ಲ, ಇರ್ಲಿ ಅಂದು ಹೋದ್ಲು. ಇಟ್ಕೊಳ್ಲಾ ಮೇಡಂ?"