ನನ್ನ ಎರಡು ಹೆಸರಿಗೆ ಮಲ್ಲಯ್ಯನೇ ಸಾಕ್ಷಿ

ಮಸ್ಕಿ ಗುಡ್ಡದ ಮಲ್ಲಯ್ಯನನ್ನು ನಂಬಿದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಾಲ್ಕನೇ ಇಯತ್ತೆ ಓದಿದವಳು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರ ಎಡಗಣ್ಣು ಹೋಗಿತ್ತು, ಬಲಗಣ್ಣು ಹೋಗುವುದರಲ್ಲಿತ್ತು. ಇಪ್ಪತ್ತೆರಡು ವರ್ಷ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯ. ರಾಯಚೂರಿನ ಕಣ್ಣಿನ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, "ನರ ಒಣಗಾಕತ್ತೈತಮ್ಮ. ದಿನಕ್ಕ ನಾಕು ಸಲ ಔಷಧ ತಪ್ಪದ ಹಾಕ್ರಿ. ಆದ್ರೂ ವರ್ಷ ದಾಟೋದು ಕಷ್ಟ" ಅಂದರು. ಮರಳಿ ಬರಲು ಬಸ್ಸು ಹತ್ತಿದೆವು. ಅವರೇ ಕೇಳಿದರು, "ಎಷ್ಟು ದಿನ ಅಂದ್ರು?" ಸುಳ್ಳು ಹೇಳಲು ಬರಲಿಲ್ಲ, ಹೇಳಿಬಿಟ್ಟೆ.

ಸಿಂಧನೂರು ಬರುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕುಳಿತರು. ಆಮೇಲೆ, "ಒಂದ ಆಸೆ ಐತಿ ಶಾಂತಿ. ಹುಟ್ಟಿದಾಗಿಂದ ಎರಿ ಹೊಲ, ಜಾಲಿ ಗಿಡ ನೋಡೀನಿ. ಕಣ್ಣು ಹೋಗೋದ್ರಾಗ ಹಿಮದ ಗುಡ್ಡ ನೋಡಬೇಕು" ಅಂದರು.

ದಸರೆಯ ನಂತರ ಸಿಂಧನೂರಿನಿಂದ ನೇಪಾಳಕ್ಕೆ ಒಂದು ಪ್ರವಾಸದ ತಂಡ ಹೊರಡುವುದಿತ್ತು. ಇಬ್ಬರ ಹೆಸರೂ ಬರೆಸಿದೆವು. ಎರಡು ಉಣ್ಣೆಯ ಸ್ವೆಟರು ಕೊಂಡೆ, ಶೇಂಗಾ ಹುರಿದು ಚಟ್ನಿ ಕುಟ್ಟಿಟ್ಟೆ. "ಫಾರಿನ್ನಿಗೆ ಹೊಂಟಾಕಿ, ಬಂದ ಮ್ಯಾಲ ನಮ್ಮನ್ನ ಮಾತಾಡಸ್ತಿಯಿಲ್ಲಬೇ?" ಎಂದು ಓಣಿಯ ಹೆಂಗಸರು ಕಾಡಿಸುತ್ತಿದ್ದರು. ಶ್ರಾವಣದಲ್ಲಿ ಪ್ರವಾಸದವರು ಹೇಳಿ ಕಳಿಸಿದರು: ಮೊದಲು ಗಡಿಯಲ್ಲಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಈಗ ನಿಯಮ ಬದಲಾಗಿದೆ, ಒಬ್ಬೊಬ್ಬರಿಗೂ ಫೋಟೋ ಹಚ್ಚಿದ ಸರ್ಕಾರಿ ಕಾಗದ ಬೇಕು.

ಯಜಮಾನರಿಗೆ ನೌಕರಿಯ ಕಾರ್ಡು ಇತ್ತು. ನನಗೇನಿತ್ತು? ಹುಟ್ಟಿದ ತುರ್ವಿಹಾಳದಲ್ಲಿ ನಾನು ನೀಲಮ್ಮ. ಮದುವೆಯಾಗಿ ಮಸ್ಕಿಗೆ ಬಂದಾಗ ಅತ್ತೆಯ ಹೆಸರೂ ನೀಲಮ್ಮ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವಂತಿಲ್ಲ. ಅಕ್ಕಿಯ ಮೇಲೆ ಶಾಂತಮ್ಮ ಎಂದು ಬರೆಸಿ, ಅದೇ ದಿನ ನನ್ನ ಹೆಸರು ಬದಲಿಸಿದರು. ನಮ್ಮವ್ವ ಅಲ್ಲೇ ಕುಳಿತಿದ್ದಳು, ತುಟಿ ಬಿಚ್ಚಲಿಲ್ಲ. ತಾನಿಟ್ಟ ಹೆಸರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟಳಲ್ಲ ಎಂಬ ಸಿಟ್ಟು ನನಗೆ. ಅವಳು ಸಾಯುವವರೆಗೂ ನೆಟ್ಟಗೆ ಮಾತಾಡಲಿಲ್ಲ ನಾನು, ಅಂಥ ಹಟಮಾರಿ.

ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ಗುಮಾಸ್ತರು ನನ್ನ ಕಾಗದ ತಿರುವಿ ಹಾಕಿದರು. "ಶಾಲಿ ದಾಖಲೆದಾಗ ನೀಲಮ್ಮ, ರೇಷನ್ ಕಾರ್ಡಿನಾಗ ಶಾಂತಮ್ಮ. ಇಬ್ರೂ ಒಬ್ಬಾಕಿನ ಅನ್ನಾಕ ಏನೈತಿ?"

"ನಾನ ನಿಂತೀನಲ್ರೀ ನಿಮ್ಮ ಮುಂದ."

"ನೀವು ನಿಂತ್ರ ಆಗಂಗಿಲ್ಲಮ್ಮ. ಎರಡೂ ಹೆಸರು ಒಂದ ಕಡೆ ಇರೋ ಹಳೇ ಪುರಾವೆ ತರ್ರಿ."

ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ಲಗ್ನಪತ್ರಿಕೆ ಗೆದ್ದಲು ತಿಂದು ಯಾವ ಕಾಲವಾಯಿತೋ. "ನೀವೊಬ್ರ ಹೋಗಿ ಬರ್ರಿ" ಎಂದರೆ ಯಜಮಾನರು ಒಪ್ಪಲಿಲ್ಲ. "ಔಷಧ ಹಾಕೋರು ಯಾರು? ನೋಡಿದ್ದನ್ನ ಯಾರ ಮುಂದ ಹೇಳ್ಲಿ?" ಎಂದು ಸ್ವೆಟರು ಮಡಚಿ ಒಳಗಿಟ್ಟರು. ಅವತ್ತು ನನ್ನ ಎದೆ ಒಡೆಯಿತು.

ಶ್ರಾವಣದ ಕೊನೆಯ ಸೋಮವಾರ ಮಸ್ಕಿಯ ಗುಡ್ಡ ಹತ್ತಿದೆ. ಬೇಡಿಕೊಳ್ಳುವುದಕ್ಕಲ್ಲ, ನಿಜ ಹೇಳುತ್ತೇನೆ, ಜಗಳಕ್ಕೆ. "ಹೆಸರು ಕಸಗೊಂಡ್ರು, ಸುಮ್ನಿದ್ದೆ. ಈಗ ಇರೋ ಒಂದು ಕಣ್ಣಿನ ಬೆಳಕನ್ನೂ ದಂಡ ಮಾಡ್ತಿ ಏನು ಮಲ್ಲಯ್ಯ?" ಎಂದು ಗರ್ಭಗುಡಿಯ ಮುಂದೆ ಅತ್ತುಬಿಟ್ಟೆ. ಮುದುಕ ಪೂಜಾರಿ ಅಯ್ಯನವರು ಬಂದು, "ಅಳಬ್ಯಾಡ ಯವ್ವಾ. ತಗೋ, ನೀನ ನೀರು ತಂದು ಹಾಕು" ಎಂದು ತಾಮ್ರದ ಕೊಡ ಕೈಗಿತ್ತರು. ದಿನದ ಕೊಡ ತೂತು ಬಿದ್ದು, ಆ ಮುಂಜಾನೆಯೇ ಒಳಗಿನ ಹಳೇ ಕೊಡ ಹೊರತೆಗೆದು ಹುಣಸೆಹಣ್ಣಿನಿಂದ ತಿಕ್ಕಿದ್ದರಂತೆ.

ನೀರು ತುಂಬುವಾಗ ಕೊಡದ ಕೊರಳಿನ ಮೇಲೆ ಅಕ್ಷರ ಕಂಡವು. ಪಾತ್ರೆ ಅಂಗಡಿಯಲ್ಲಿ ಉಳಿಯಿಂದ ಕುಟ್ಟಿ ಹಾಕುತ್ತಾರಲ್ಲ, ಹಾಗೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ತುರ್ವಿಹಾಳ ನೀಲಮ್ಮ, ಮಸ್ಕಿ ಬಸಪ್ಪನ ಮಡದಿಯಾಗಿ ಶಾಂತಮ್ಮ, ಮದುವೆ ನಿಮಿತ್ತ ತಾಯಿ ಈರಮ್ಮ ಮಲ್ಲಯ್ಯಗ ಕೊಟ್ಟದ್ದು. ಕೆಳಗೆ ನಮ್ಮ ಮದುವೆಯ ಇಸವಿ.

ನಮ್ಮವ್ವ ಬೀಗರ ಮುಂದೆ ಆಡಲಾರದ ಮಾತನ್ನು ದೇವರ ಹತ್ತಿರ ಇಟ್ಟು ಹೋಗಿದ್ದಳು, ನನಗೊಂದು ಮಾತು ಹೇಳದೆ. ಆ ಕೊಡವನ್ನು ಅಪ್ಪಿಕೊಂಡು "ಯವ್ವಾ, ತಪ್ಪಾತು" ಎಂದು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ನೀರೆಲ್ಲ ಸೀರೆಯ ಮೇಲೆ ಚೆಲ್ಲಿತ್ತು.

"ದೇವರ ಸಾಮಾನು ಪರರ ಕೈಯಾಗ ಕೊಡಂಗಿಲ್ಲ, ನಾನ ತರ್ತೀನಿ" ಎಂದರು ಅಯ್ಯನವರು. ಮರುದಿನ ಮುಂಜಾನೆಯ ಬಸ್ಸಿಗೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಜೊತೆ ಲಿಂಗಸುಗೂರಿಗೆ ಬಂದರು. ಗುಮಾಸ್ತರು ನಗಲಿಲ್ಲ, ನಮ್ಮನ್ನು ನೇರವಾಗಿ ತಹಶೀಲ್ದಾರರ ಕೋಣೆಗೆ ಕರೆದುಕೊಂಡು ಹೋದರು. ಸಾಹೇಬರು ಚಪ್ಪಲಿ ಬಿಟ್ಟು ಎದ್ದು ನಿಂತು, ಬೆರಳಾಡಿಸುತ್ತಾ ಓದಿದರು. "ಇದಕ್ಕಿಂತ ಹಳೇ ಪುರಾವೆ ಇನ್ನೆಲ್ಲಿ ಕೇಳ್ಲಿ? ಬರಕೊಳ್ರಿ, ಇಬ್ರೂ ಒಬ್ಬಾಕಿನ" ಎಂದರು. ಸಂಜೆಯೊಳಗೆ ಫೋಟೋ ಹಚ್ಚಿ ಸಿಕ್ಕಾ ಹೊಡೆದ ಕಾಗದ ನನ್ನ ಕೈಯಲ್ಲಿತ್ತು.

ನೇಪಾಳದಲ್ಲಿ ಎರಡು ದಿನ ಬರೀ ಮೋಡ. ಮೂರನೇ ದಿನ ಸೂರ್ಯ ಮೂಡುವಾಗ ಮೋಡ ಸರಿದವು. ನಾನು ಕತ್ತೆತ್ತಿದೆ, ಇನ್ನೂ ಎತ್ತಿದೆ. ಆಕಾಶ ಎಂದುಕೊಂಡಿದ್ದ ಜಾಗದಲ್ಲೆಲ್ಲ ಗುಡ್ಡವಿತ್ತು. ಮೊದಲು ಕೆಂಪಗೆ, ಆಮೇಲೆ ಬಂಗಾರದ ಬಣ್ಣ, ಆಮೇಲೆ ನೋಡಲಾರದಷ್ಟು ಬಿಳುಪು. ನನ್ನ ಕೈಗಳು ತಾವಾಗಿಯೇ ಮುಗಿದವು. ಔಷಧದ ಹೊತ್ತಾಗಿದ್ದು ನೆನಪಾಗಿ ಯಜಮಾನರನ್ನು ಮುಟ್ಟಿ, "ಕಾಣ್ತೈತೇನ್ರೀ?" ಎಂದೆ.

"ಸುಮ್ನಿರು ಶಾಂತಿ, ನೋಡಾಕತ್ತೀನಿ" ಅಂದರು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಯುಗಾದಿಯ ಹೊತ್ತಿಗೆ ಆ ಕಣ್ಣೂ ಹೋಯಿತು. "ಅಷ್ಟು ಮಾಡಿದಾಂವ ಕಣ್ಣು ಯಾಕ ಉಳಿಸ್ಲಿಲ್ಲ?" ಎಂದು ಕೆಲವರು ನನ್ನನ್ನು ಕೆಣಕುತ್ತಾರೆ. ನಾನು ಬಾಯಿ ತೆರೆಯುವ ಮುಂಚೆ ಯಜಮಾನರೇ ಹೇಳುತ್ತಾರೆ, "ಕಣ್ಣಿದ್ದಾಗ ಇಪ್ಪತ್ತೆರಡು ವರ್ಷ ಬರೇ ರಸ್ತಾ ನೋಡೀನ್ರೀ. ಈಗ ಕುಂತಲ್ಲೇ ಹಿಮಾಲಯ ಕಾಣ್ತೈತಿ. ಅವನ ಮ್ಯಾಲ ನಂದೇನೂ ತಕರಾರಿಲ್ಲ."

ತಕರಾರು ಹೊತ್ತು ಗುಡ್ಡ ಹತ್ತಿದವಳು ನಾನು. ಈಗ ನನ್ನದೂ ಇಲ್ಲ, ಮಲ್ಲಯ್ಯ ತಂದೆ.