ಕಡಬದ ಮೇಜಿಗೊಂದು ಪ್ರೊಸೆಸರ್

ಆ ಬೆಳಿಗ್ಗೆ ಕೋಣೆಯಲ್ಲಿ ನಾವು ಮೂವರಿದ್ದೆವು, ನಾಲ್ಕನೆಯವರು ಮೊಬೈಲಿನ ಒಳಗಿದ್ದರು. ಕಂಪ್ಯೂಟರಿನ ಎದುರು ಝೊಹರಾ. ಬಾಗಿಲ ಬಳಿಯ ಸ್ಟೂಲಿನಲ್ಲಿ ಅವರ ಗಂಡನ ಅಣ್ಣ ಹಮೀದಾಕ. ನೆಲದ ಮೇಲೆ ಪೇಪರ್ ಹಾಸಿ, ಬಿಚ್ಚಿಟ್ಟ ಕ್ಯಾಬಿನೆಟ್ಟಿನ ಮುಂದೆ ಕಾಲು ಮಡಚಿ ಕುಳಿತವನು ನಾನು. ಚಹಾದ ಗ್ಲಾಸಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಝೊಹರಾಳ ಗಂಡ ಅಶ್ರಫ್, ಸೌದಿಯ ದಮ್ಮಾಮಿನಿಂದ. ಪುತ್ತೂರಿನಲ್ಲಿ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ಇಟ್ಟಿದ್ದೆ ಆಗ. ಕಡಬ ಹೊಸ ತಾಲೂಕಾಗಿ ಕೆಲವು ವರ್ಷ ಕಳೆದಿತ್ತು. ಅರ್ಜಿ ಹಾಕಿಸುವವರು, ಟಿಕೆಟ್ ತೆಗೆಸುವವರು ಎಲ್ಲರೂ ಪೇಟೆಗೆ ಬರತೊಡಗಿದ್ದ ಕಾಲ.

ಝೊಹರಾಳ ಕೆಲಸವೇ ಅದು. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ, ರೈಲು ಮತ್ತು ವಿಮಾನದ ಟಿಕೆಟ್, ಪಾಸ್‌ಪೋರ್ಟ್ ಫೋಟೊ, ಗಲ್ಫಿಗೆ ಹೋಗುವವರ ಕಾಗದಪತ್ರ. ಕೋಣೆ ಹಮೀದಾಕನದ್ದು. ಅವರಿಗೆ ಎರಡು ಪಿಕಪ್ ಗಾಡಿಗಳ ಬಾಡಿಗೆ ವ್ಯವಹಾರ. ತಮ್ಮನ ಹೆಂಡತಿಗೆಂದು ಕೋಣೆ ಬಿಟ್ಟುಕೊಟ್ಟಿದ್ದರೂ, ಈಚೆಗೆ ಬೇಕರಿಯವರೊಬ್ಬರು ಅದನ್ನು ಕೇಳುತ್ತಿದ್ದರು. ಶಾಲೆ ಸೇರಿಸುವ ಗಡಿಬಿಡಿಯಲ್ಲಿ ಝೊಹರಾಳ ಕಂಪ್ಯೂಟರ್ ನಿಂತು ನಿಂತು ಹೋಗಿ, ಪಂಜ ಊರಿನಿಂದ ಬಂದ ಇಬ್ಬರು ಬಸ್ಸು ತಪ್ಪಿಸಿಕೊಂಡಿದ್ದರು. ಅವರು ಹೋಗಿ ದೂರು ಹೇಳಿದ್ದು ಹಮೀದಾಕನ ಹತ್ತಿರವೇ.

"ಮುಂದಿನ ಸೀಸನ್‌ನಲ್ಲಿ ಹೀಗೇ ಆದ್ರೆ ಬೇಕರಿಯವರಿಗೆ ಕೀ ಕೊಡುದೇ. ಊರಿನವರ ಬಾಯಿಗೆ ನಾನು ಬೀಳ್ಲಿಕ್ಕಿಲ್ಲ" ಎಂದು ಅವರು ಹೇಳಿಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ. ಹೇಳಿದ್ದನ್ನು ಮಾಡುವವರು, ಅಷ್ಟೆ. ಝೊಹರಾಳಿಗೆ ಹೆದರಿಕೆ ಇದ್ದದ್ದೂ ಅದಕ್ಕೇ.

ನನ್ನನ್ನು ಕರೆಸಿದಾಗ ಮೊದಲ ದಿನ ನಾನು ಏನನ್ನೂ ಬಿಚ್ಚಲಿಲ್ಲ. ಬೆಂಚಿನ ಮೇಲೆ ಗಿರಾಕಿಯ ಹಾಗೆ ಕುಳಿತು ನೋಡಿದೆ. ರೋಗ ಎಲ್ಲಿ ಎಂದು ತಿಳಿಯದೆ ಪ್ರೊಸೆಸರ್ ಬದಲಿಸುವುದು ಹೊಟ್ಟೆನೋವಿಗೆ ಕನ್ನಡಕ ಕೊಟ್ಟ ಹಾಗೆ. ಗುಂಡ್ಯ ಕಡೆಯ ಬಸ್ಸು ಬಂತು, ಏಳೆಂಟು ಜನ ಒಮ್ಮೆಗೇ ಒಳಬಂದರು. ಝೊಹರಾ ಒಬ್ಬರನ್ನೂ "ನಿಲ್ಲಿ" ಎನ್ನಲಿಲ್ಲ. ಒಬ್ಬರ ಹತ್ತಿರ ತುಳುವಿನಲ್ಲಿ, ಮತ್ತೊಬ್ಬರ ಹತ್ತಿರ ಅರೆಭಾಷೆಯಲ್ಲಿ, ಹಿಂದಿದ್ದ ಅಜ್ಜಿಯ ಹತ್ತಿರ ಬ್ಯಾರಿಯಲ್ಲಿ ವಿಷಯ ಕೇಳಿ, ಪ್ರತಿಯೊಬ್ಬರ ಕೆಲಸವನ್ನೂ ಅವರ ಕಣ್ಣೆದುರೇ ಪರದೆಯ ಮೇಲೆ ತೆರೆದಿಟ್ಟರು. ಒಬ್ಬರಿಗೆ ಓಟಿಪಿ ಬರುವಷ್ಟರಲ್ಲಿ ಇನ್ನೊಬ್ಬರ ಫೋಟೊ, ಅದು ಸ್ಕ್ಯಾನ್ ಆಗುವಷ್ಟರಲ್ಲಿ ಮೂರನೆಯವರ ಟಿಕೆಟ್.

ಜನ ಹೋದ ಮೇಲೆ ನಾನು ಹೇಳಿದೆ, "ಝೊಹರಾ, ಒಬ್ಬರದು ಮುಗಿಸಿ ಇನ್ನೊಬ್ಬರದು ತೆಗೆದ್ರೆ ಈ ಹಳೆ ಯಂತ್ರವೇ ಇನ್ನೂ ಒಂದು ವರ್ಷ ಓಡ್ತದೆ."

"ಅದು ಆಗ್ಲಿಕ್ಕಿಲ್ಲ ರೈಗಳೇ. ನನ್ನದು ಶುರುವಾಗಿದೆ ಅಂತ ಕಂಡ್ರೆ ಮನುಷ್ಯ ಸಮಾಧಾನದಲ್ಲಿ ಕೂತ್ಕೊಳ್ತಾನೆ. ಬಂದವರನ್ನು ಬಾಗಿಲಲ್ಲಿ ನಿಲ್ಸಿ ಒಬ್ಬೊಬ್ಬರನ್ನೇ ಕರಿಲಿಕ್ಕೆ ಇದೆಂತ ಇಂಜೆಕ್ಷನ್ ಕೊಡುವ ಜಾಗವಾ?"

ಅವರ ಕೆಲಸದ ಕ್ರಮಕ್ಕೆ ಯಂತ್ರ ಹೊಂದಬೇಕು, ಯಂತ್ರಕ್ಕೆ ಅವರಲ್ಲ ಎಂದುಕೊಂಡು ಲೆಕ್ಕ ಹಾಕಿದೆ. ಹಳೆಯದರಲ್ಲಿ ಇದ್ದದ್ದು ಎರಡು ಕೋರ್. ಕೋರ್ ಎಂದರೆ ಪ್ರೊಸೆಸರಿನ ಒಳಗೆ ನಿಜವಾಗಿ ಕೆಲಸ ಮಾಡುವ ಕೈ. RAM ಎಂದರೆ ಆ ಕೈಗಳ ಮುಂದಿನ ಮೇಜು. ಅದು ಬರೀ ನಾಲ್ಕು ಜಿಬಿ. ಮೇಜು ತುಂಬಿದಾಗಲೆಲ್ಲ ಯಂತ್ರ ಕಾಗದಗಳನ್ನು ಹಿಂದಿನ ಕಪಾಟಿಗೆ, ಅಂದರೆ ಹಾರ್ಡ್ ಡಿಸ್ಕಿಗೆ, ಇಟ್ಟು ತೆಗೆದು ಮಾಡುತ್ತಿತ್ತು. ಪರದೆ ನಿಲ್ಲುತ್ತಿದ್ದದ್ದು ಮುಖ್ಯವಾಗಿ ಅಲ್ಲಿ. ಸ್ಕ್ಯಾನ್ ಮಾಡಿದ್ದನ್ನು ಸಣ್ಣ ಗಾತ್ರಕ್ಕೆ ಇಳಿಸುವಾಗ ಮಾತ್ರ ಎರಡು ಕೋರ್‌ಗಳೂ ಸೋಲುತ್ತಿದ್ದವು. ಹಾಗಾಗಿ ನನ್ನ ಸಲಹೆ ಹೀಗಿತ್ತು: ಮಧ್ಯಮ ಶ್ರೇಣಿಯ, ಈಚಿನ ತಲೆಮಾರಿನ ಆರು ಕೋರ್ ಪ್ರೊಸೆಸರ್, ಚಿತ್ರ ತೋರಿಸುವ ಗ್ರಾಫಿಕ್ಸ್ ಅದರೊಳಗೇ ಇರಬೇಕು, ಹದಿನಾರು ಜಿಬಿ RAM, ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ಎಷ್ಟೋ ಚುರುಕಾದ SSD. ಕರೆಂಟು ಹೋಗಿ ಬಂದು ಮಾಡುವ ಊರಾದ್ದರಿಂದ ಅವರ ಸಣ್ಣ UPS ತಡೆಯುವಷ್ಟೇ ವಿದ್ಯುತ್ ಎಳೆಯಬೇಕು.

ಝೊಹರಾ ಒಪ್ಪಿದರು. ಆದರೆ ಸುದ್ದಿ ಅಷ್ಟರಲ್ಲಿ ದಮ್ಮಾಮಿಗೆ ಮುಟ್ಟಿತ್ತು. ನಮ್ಮ ಕಡೆ ಗಲ್ಫಿನಲ್ಲಿ ಜನ ಇರುವ ಮನೆಗೆ ಮಿಕ್ಸಿಯಿಂದ ಮೊಬೈಲಿನವರೆಗೆ ಅಲ್ಲಿಂದಲೇ ಬರಬೇಕು, ಊರಿನ ಅಂಗಡಿಯಿಂದ ತಂದರೆ ಅಲ್ಲಿರುವವರಿಗೆ ಒಂದು ಥರ ಅವಮಾನ. ರಜೆಗೆ ಬರುತ್ತಿದ್ದವರ ಸೂಟ್‌ಕೇಸಿನಲ್ಲಿ, ಬಾದಾಮಿ ಪ್ಯಾಕೆಟ್ ಮತ್ತು ಅತ್ತರಿನ ನಡುವೆ, ಅಶ್ರಫ್ ಒಂದು ಪ್ರೊಸೆಸರ್ ಕಳಿಸಿಬಿಟ್ಟರು. ಅತಿ ಮೇಲಿನ ಶ್ರೇಣಿಯದ್ದು. ಡಬ್ಬಕ್ಕೆ ಇನ್ನೂ ಅತ್ತರಿನ ಪರಿಮಳ ಇತ್ತು.

ಡಬ್ಬದ ಮೇಲಿನ ನಂಬರ್ ಓದಿದಾಗಲೇ ನನಗೆ ತಿಳಿಯಿತು. ಕೋರ್‌ಗಳು ಧಾರಾಳ, ವೇಗ ಧಾರಾಳ, ಆದರೆ ಒಳಗೆ ಗ್ರಾಫಿಕ್ಸ್ ಇಲ್ಲದ ಜಾತಿ. ಗೇಮ್ ಆಡುವವರೂ ವಿಡಿಯೊ ಮಾಡುವವರೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತಾರೆ, ಅವರಿಗೆ ಅದು ತಕ್ಕದ್ದು. ಹೇಳಿದೆ. ಹಮೀದಾಕ ನಂಬಲಿಲ್ಲ. "ಹಾಕಿ ತೋರಿಸಿ" ಎಂದರು.

ಅದಕ್ಕೇ ಆ ಬೆಳಿಗ್ಗೆ ನಾನು ನೆಲದ ಮೇಲೆ ಕುಳಿತದ್ದು. ಆ ಪ್ರೊಸೆಸರ್ ಕೂರಿಸುವ ಮದರ್‌ಬೋರ್ಡನ್ನೂ ಬೇರೊಂದು ಕ್ಯಾಬಿನೆಟ್ಟನ್ನೂ ಪುತ್ತೂರಿನಿಂದ ತಂದಿದ್ದೆ. ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು.

"ಇದು ನಿಮ್ಮ ಬೋರ್ಡೇ ಹಾಳು ಮಾರಾಯ್ರೆ" ಎಂದರು ಹಮೀದಾಕ. "ಅಲ್ಲಿಂದ ಬಂದ ಸಾಮಾನು ಕೈ ಕೊಡುದುಂಟಾ?"

"ಹಮೀದಾಕ, ನಿಮ್ಮ ಪಿಕಪ್ಪಿಗೆ ಹತ್ತು ಚಕ್ರದ ಲಾರಿಯ ಇಂಜಿನ್ ಕೂರಿಸ್ತೀರಾ?"

"ಎಂತಕ್ಕೆ ಕೂರಿಸುದು? ಚಾಸಿ ಮುರೀತದೆ. ಡೀಸೆಲ್ ನೀವು ಕೊಡ್ತೀರಾ?"

"ಇದೂ ಅದೇ. ಕಾರ್ಡ್ ಹಾಕಿದ್ರೆ ಪರದೆ ಬರ್ತದೆ. ಆದರೆ ಈ UPS ತಡೀಲಿಕ್ಕಿಲ್ಲ. ಕಾರ್ಡಿಗೆ ದುಡ್ಡು ಕೊಟ್ಟ ಮೇಲೆ RAMಗೂ SSDಗೂ ಕೈಯಲ್ಲಿ ಎಂತ ಉಳೀತದೆ? ಇಂಜಿನ್ ದೊಡ್ಡದು, ಸಾಮಾನು ಹಾಕ್ಲಿಕ್ಕೆ ಹಿಂದೆ ಜಾಗ ಇಲ್ಲ."

ಈಗ ಎಲ್ಲರೂ ನೋಡಿದ್ದು ಮೊಬೈಲಿನತ್ತ. ಅಶ್ರಫ್ ಮುಖ ಸಣ್ಣದಾಗಿತ್ತು. "ಡ್ಯೂಟಿ ಬಿಟ್ಟು ಮೂರು ಅಂಗಡಿ ತಿರುಗಿದ್ದೇನೆ" ಎಂದರು. "ಇರುವುದರಲ್ಲಿ ಒಳ್ಳೆಯದು ಕೊಡಿ ಅಂತ ಕೇಳಿ ತೆಗೊಂಡದ್ದು. ಅವಳಿಗೆ ಕಡಿಮೆಯದ್ದು ಯಾಕೆ ಅಂತ."

ಅಷ್ಟರಲ್ಲಿ ಹೊರಗೆ ಬಸ್ಸು ನಿಂತ ಸದ್ದಾಯಿತು. ಝೊಹರಾ ಪರದೆಯ ಕೇಬಲ್ಲನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಮೊಬೈಲನ್ನು ಗ್ಲಾಸಿನ ಇನ್ನೊಂದು ಬದಿಗೆ, ಕೋಣೆಯ ಕಡೆಗೆ ಮುಖ ಮಾಡಿ ಇಟ್ಟರು. "ಸ್ವಲ್ಪ ಹೊತ್ತು ಇರಿ, ನೋಡಿ" ಎಂದು ಗಂಡನಿಗೆ ಬ್ಯಾರಿಯಲ್ಲಿ ಹೇಳಿ ಕೆಲಸಕ್ಕೆ ಕುಳಿತರು.

ಕೋಣೆ ತುಂಬಿತು. ಒಬ್ಬರ ಆಧಾರ್, ಒಬ್ಬರ ಪಹಣಿ, ಮಂಗಳೂರಿನಿಂದ ವಿಮಾನಕ್ಕೆ ಟಿಕೆಟ್ ಬೇಕಾದ ಅವಸರದವರೊಬ್ಬರು. ನಾಲ್ಕನೆಯ ಪುಟ ತೆರೆಯುವಾಗ ಪರದೆ ಮತ್ತೆ ನಿಂತುಬಿಟ್ಟಿತು. ಝೊಹರಾ ಮೌಸ್ ಬಿಟ್ಟು, ಟಿಕೆಟಿನವರ ಹೆಂಡತಿಯ ಕಾಲುನೋವು ವಿಚಾರಿಸುತ್ತ, ಯಂತ್ರ ಉಸಿರು ತೆಗೆದುಕೊಳ್ಳುವವರೆಗೆ ಎಲ್ಲರನ್ನೂ ಮಾತಿನಲ್ಲಿ ಹಿಡಿದಿಟ್ಟರು. ಆದರೂ ಟಿಕೆಟಿನವರು ಕೈಗಡಿಯಾರ ನೋಡಿ ಎದ್ದು ನಿಂತರು. "ಪುತ್ತೂರಿನಲ್ಲೇ ಮಾಡಿಸ್ತೇನೆ ಬಿಡಿ" ಎಂದು ಹೊರಟುಹೋದರು.

ಮೊಬೈಲಿನಿಂದ ಅಶ್ರಫ್ ಎಲ್ಲವನ್ನೂ ನೋಡಿದ್ದರು. ಹೆಂಡತಿ ಕೆಲಸ ಮಾಡುವುದನ್ನು ಅವರು ಕಂಡದ್ದು ಅದೇ ಮೊದಲು. ಜನ ಕರಗಿದ ಮೇಲೆ ಅವರು ಕೇಳಿದ್ದು ನನ್ನನ್ನು.

"ರೈಗಳೇ, ಇವಳು ಮಾತಾಡಿ ಜನ ನಿಲ್ಲಿಸುದು ತಪ್ಪಬೇಕಾದ್ರೆ ಯಾವುದು ಬೇಕು?"

"ನಾನು ಮೊದಲು ಹೇಳಿದ್ದು."

"ಹಾಗಾದ್ರೆ ನಾನು ಕಳಿಸಿದ್ದನ್ನು ಯಾರಿಗಾದ್ರೂ ಬೇಕಾದವರಿಗೆ ಕೊಡಿ."

ಬೇಕಾದವರು ನನಗೆ ಗೊತ್ತಿದ್ದರು. ಗುತ್ತಿಗಾರಿನ ಚಿದಾನಂದ ಗೌಡರು ಸುಳ್ಯದಲ್ಲಿ ಮದುವೆಯ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದರು. ಗ್ರಾಫಿಕ್ಸ್ ಕಾರ್ಡ್ ಅವರ ಹತ್ತಿರ ಮೊದಲೇ ಇತ್ತು, ಇಂಥದ್ದೇ ಪ್ರೊಸೆಸರ್ ಹುಡುಕುತ್ತಿದ್ದರು. ಡಬ್ಬ ಕೈಗೆ ತೆಗೆದುಕೊಂಡು ಮೂಸಿ ನೋಡಿ, "ಎಂತ ರೈಗಳೇ, ಇದಕ್ಕೆ ಮೊದಲೇ ಮದುವೆ ಆಗಿದೆಯಾ?" ಎಂದು ನಕ್ಕರು. ಪ್ರೊಸೆಸರನ್ನೂ ಬೋರ್ಡನ್ನೂ ಅವರೇ ಕೊಂಡರು. ಆ ದುಡ್ಡಿನಲ್ಲಿ ಝೊಹರಾಳಿಗೆ ಆರು ಕೋರ್, ಹದಿನಾರು ಜಿಬಿ, SSD ಎಲ್ಲ ಬಂದು, ಎರಡನೆಯ ಪರದೆಯೊಂದಕ್ಕೂ ಸಾಕಾಯಿತು.

ಮುಂದಿನ ಸೀಸನ್ ಶುರುವಾದ ವಾರ ನಾನು ಮತ್ತೆ ಅದೇ ಬೆಂಚಿನಲ್ಲಿ ಕುಳಿತೆ. ಹಮೀದಾಕನೂ ಬಂದು ಪಕ್ಕದಲ್ಲಿ ಕುಳಿತರು. ಬಸ್ಸಿನ ಜನವೆಲ್ಲ ಒಳಗೆ. ಒಂದು ಪರದೆಯಲ್ಲಿ ಅರ್ಜಿಗಳು, ಇನ್ನೊಂದರಲ್ಲಿ ಟಿಕೆಟ್ಟು; ಸ್ಕ್ಯಾನರ್ ಓಡುತ್ತಲೇ ಇತ್ತು. ಪ್ರೊಸೆಸರ್ ಅರ್ಧಕ್ಕಿಂತ ಮೇಲೆ ದುಡಿದದ್ದು ನನಗೆ ಕಾಣಲಿಲ್ಲ. ನಡುವೆ ಕರೆಂಟು ಹೋಯಿತು, UPS ಕೂಗಿತು, ಕೆಲಸ ನಿಲ್ಲಲಿಲ್ಲ. ಬಸ್ಸು ಹಾರ್ನ್ ಹೊಡೆಯುವ ಮೊದಲೇ ಬೆಂಚು ಖಾಲಿ. ಹಮೀದಾಕ ಎದ್ದು ಲುಂಗಿ ಸರಿಮಾಡಿಕೊಂಡು, "ನಿಮ್ಮ ಬೋರ್ಡ್ ಹಾಳಾಗಿರ್ಲಿಲ್ಲ" ಎಂದಷ್ಟೇ ಹೇಳಿ ಹೋದರು.

ಅಂಗಡಿ ಮುಚ್ಚಿ ಈಗ ಮನೆಯಲ್ಲಿದ್ದೇನೆ. ಈಗಲೂ ಯಾರಾದರೂ "ಯಾವ ಪ್ರೊಸೆಸರ್ ತೆಗೊಳ್ಳುದು?" ಎಂದು ಫೋನ್ ಮಾಡುತ್ತಾರೆ. ಎಷ್ಟು ಕೋರ್, ಯಾವ ಶ್ರೇಣಿ ಎಂಬುದು ನನ್ನ ಎರಡನೆಯ ಮಾತು. ನಿಮ್ಮ ಮೇಜಿಗೆ ಒಮ್ಮೆಗೇ ಎಷ್ಟು ಜನ ಬರುತ್ತಾರೆ, ಅವರೆದುರು ನೀವು ಹೇಗೆ ಕೆಲಸ ಮಾಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಸಾಧ್ಯವಾದರೆ ಹೋಗಿ ಕುಳಿತು ನೋಡುತ್ತೇನೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ವಸ್ತು ಪ್ರೀತಿಯಿಂದ ಕೊಡಲಿಕ್ಕೆ ಒಳ್ಳೆಯದೇ. ಕೆಲಸಕ್ಕೆ ಬೇಕಾದದ್ದು ಯಾವುದೆಂದು ಕೆಲಸ ಮಾಡುವವರನ್ನು ನೋಡಿಯೇ ತಿಳಿಯಬೇಕು.

ಆ ವರ್ಷ ಮಳೆ ಬಿಟ್ಟ ಮೇಲೆ ಹಮೀದಾಕ ಕೋಣೆಗೂ ತಮ್ಮ ಟಯರ್ ಇಡುವ ಗೋದಾಮಿಗೂ ನಡುವೆ ಇದ್ದ ಗೋಡೆ ಒಡೆಸಿ, ಅಲ್ಲಿ ಇನ್ನೊಂದು ಬೆಂಚು ಹಾಕಿಸಿದರು. ಬೇಕರಿಯವರು ರಸ್ತೆಯ ಆಚೆ ಬದಿಯಲ್ಲಿ ಅಂಗಡಿ ಹಿಡಿದರು.